ಕೇಳುವ ಮನೆಯೊಂದಿರಬೇಕು

2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕ ಪ್ರವಾಹಕ್ಕೆ ಸಿಲುಕಿದ್ದಾಗ ನಾನು ಜಿಲ್ಲೆಯೊಂದರ ನಿಯಂತ್ರಣ ಕೊಠಡಿಯಲ್ಲಿ ಕರ್ತವ್ಯದಲ್ಲಿದ್ದೆ. ದೋಣಿಗಳಿದ್ದವು, ಆಹಾರದ ಪೊಟ್ಟಣಗಳಿದ್ದವು, ಸಿಬ್ಬಂದಿಯೂ ಇದ್ದರು. ಬೆಳಿಗ್ಗೆ ಹೊರಟ ದೋಣಿ ಮಧ್ಯಾಹ್ನದ ಹೊತ್ತಿಗೆ ಎಲ್ಲಿದೆ ಎಂಬ ಮಾಹಿತಿ ಮಾತ್ರ ಇರಲಿಲ್ಲ. ದೂರವಾಣಿ ಸಂಪರ್ಕ ಕಡಿದುಹೋಗಿತ್ತು. ಒಂದೇ ಹಳ್ಳಿಗೆ ಎರಡು ದೋಣಿಗಳು ಹೋದವು. ಪಕ್ಕದ ಹಳ್ಳಿಗೆ ಸಂಜೆಯವರೆಗೂ ಒಂದೂ ತಲುಪಲಿಲ್ಲ. ನಮ್ಮನ್ನು ಕಾಡಿದ ಆ ಪ್ರಶ್ನೆಗೆ ಹವ್ಯಾಸಿ ರೇಡಿಯೊದವರು ಆ ವೇಳೆಗಾಗಲೇ ಉತ್ತರ ಕಂಡುಕೊಂಡಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ಉತ್ತರದ ಹೆಸರು ಎಪಿಆರ್‌ಎಸ್. ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಎಂಜಿನಿಯರ್ ಆಗಿದ್ದ ಬಾಬ್ ಬ್ರುನಿಂಗಾ 1980ರ ದಶಕದಲ್ಲಿ ಇದರ ಪ್ರಯೋಗಗಳನ್ನು ಆರಂಭಿಸಿದರು. 1984ರಲ್ಲಿ ನೂರು ಮೈಲಿಗಳ ಕುದುರೆ ಓಟವೊಂದರಲ್ಲಿ ಕುದುರೆಗಳ ಸ್ಥಾನವನ್ನು ವರದಿ ಮಾಡಲು ಇದರ ಆರಂಭಿಕ ರೂಪವನ್ನು ಬಳಸಲಾಗಿತ್ತು. ಬ್ರುನಿಂಗಾ 2022ರಲ್ಲಿ ತೀರಿಕೊಂಡರು. ಅವರ ಪದ್ಧತಿ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ.

ಇದರ ವಿಧಾನ ಸರಳವಾದುದು. ಪರವಾನಗಿ ಪಡೆದ ಹವ್ಯಾಸಿಯ ಪುಟ್ಟ ಪ್ರೇಷಕವು ಜಿಪಿಎಸ್ ತಿಳಿಸಿದ ಸ್ಥಾನವನ್ನು ಕಿರುಸಂದೇಶವಾಗಿಸಿ, 144 ಮೆಗಾಹರ್ಟ್ಸ್ ಆಸುಪಾಸಿನ ತರಂಗದಲ್ಲಿ ಆಗಾಗ ಬಿತ್ತರಿಸುತ್ತದೆ. ಸಮೀಪದ ಯಾವುದೋ ಮನೆಯ ಮಾಳಿಗೆಯ ಮೇಲಿನ ಆಂಟೆನಾ ಅದನ್ನು ಹಿಡಿಯುತ್ತದೆ. ಆಂಟೆನಾಕ್ಕೆ ಜೋಡಿಸಿದ ಸಣ್ಣ ಕಂಪ್ಯೂಟರ್ ಅದನ್ನು ಅಂತರಜಾಲಕ್ಕೆ ದಾಟಿಸುತ್ತದೆ. ಇಂತಹ ಕೇಂದ್ರಕ್ಕೆ 'ಐ-ಗೇಟ್' ಎನ್ನುತ್ತಾರೆ. ಅಲ್ಲಿಂದ ಮುಂದೆ ಆ ಸ್ಥಾನವನ್ನು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತೂ ನಕ್ಷೆಯ ಮೇಲೆ ನೋಡಬಹುದು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ಪಾಠವಿದೆ. ಐ-ಗೇಟ್ ಶುದ್ಧ ಸಾರ್ವಜನಿಕ ಸರಕು. ವೆಚ್ಚ ಒಬ್ಬನದು, ಪ್ರಯೋಜನ ಎಲ್ಲರದು. ಆದರೆ ಎಲ್ಲ ಕೇಂದ್ರಗಳ ಮೌಲ್ಯವೂ ಒಂದೇ ಅಲ್ಲ. ಮಹಾನಗರದಲ್ಲಿ ಐದು ಕೇಂದ್ರಗಳು ಒಂದೇ ಸಂದೇಶವನ್ನು ಕೇಳಿಸಿಕೊಂಡರೆ ಅಂತರಜಾಲದ ಸರ್ವರ್ ಒಂದನ್ನು ಉಳಿಸಿಕೊಂಡು ಉಳಿದ ನಾಲ್ಕನ್ನು ಕೈಬಿಡುತ್ತದೆ. ಈ ತರಂಗಗಳು ಬೆಟ್ಟವನ್ನು ಭೇದಿಸಿ ಹೋಗಲಾರವು; ಆದ್ದರಿಂದ ಮಲೆನಾಡಿನ ಕಣಿವೆಯಲ್ಲಿ ಮೊದಲ ಕೇಂದ್ರವೇ ಸರ್ವಸ್ವ. ಹವ್ಯಾಸಿಗಳು ಹೆಚ್ಚಾಗಿರುವುದು ನಗರದಲ್ಲಿ, ಅಗತ್ಯವಿರುವುದು ಕಣಿವೆಯಲ್ಲಿ. ಮಾರುಕಟ್ಟೆಯಾಗಲೀ ಹವ್ಯಾಸವಾಗಲೀ ಈ ಅಂತರವನ್ನು ತಾನಾಗಿಯೇ ತುಂಬಲಾರದು.

ಎರಡು ಎಚ್ಚರಿಕೆಗಳೂ ಅಗತ್ಯ. ಅಗ್ಗದ ರಿಸೀವರ್ ಬಳಸುವ ಅನೇಕ ಕೇಂದ್ರಗಳು ಕೇಳಬಲ್ಲವೇ ಹೊರತು ಮಾತನಾಡಲಾರವು. ಕಾಡಿನಲ್ಲಿ ಸಿಲುಕಿದವನ ಸಂದೇಶ ಅಂತರಜಾಲವನ್ನು ಸೇರುತ್ತದೆ, ನಮ್ಮ ಉತ್ತರ ಅವನನ್ನು ಸೇರುವುದಿಲ್ಲ. ತಮ್ಮ ಪದ್ಧತಿ ಕೇವಲ ವಾಹನಗಳ ಜಾಡು ಹಿಡಿಯುವ ಸಾಧನವಲ್ಲ, ಅದು ಎರಡೂ ಕಡೆಯಿಂದ ನಡೆಯಬೇಕಾದ ಸಂವಹನ ಎಂದು ಬ್ರುನಿಂಗಾ ಮತ್ತೆ ಮತ್ತೆ ಹೇಳುತ್ತಿದ್ದುದು ಈ ಕಾರಣಕ್ಕಾಗಿಯೇ. ಎರಡನೆಯದು, ವಿಪತ್ತಿನಲ್ಲಿ ಅಂತರಜಾಲವೇ ಮೊದಲು ಕೈಕೊಡಬಹುದು. ಆಗಲೂ ರೇಡಿಯೊಗಳು ಪರಸ್ಪರ ಕೇಳಿಸಿಕೊಳ್ಳಬಲ್ಲವು. ಗುಡ್ಡದ ಮೇಲೆ ಬ್ಯಾಟರಿಯಿಂದ ನಡೆಯುವ ಮರುಪ್ರಸಾರ ಕೇಂದ್ರವೊಂದಿದ್ದರೆ ಸ್ಥಳೀಯ ನಕ್ಷೆ ಜೀವಂತವಾಗಿರುತ್ತದೆ. ಐ-ಗೇಟ್ ಆ ಜಾಲದ ಕಿಟಕಿಯಾಗಬೇಕೇ ಹೊರತು ಅಡಿಪಾಯವಾಗಬಾರದು.

1999ರ ಒಡಿಶಾ ಚಂಡಮಾರುತದಲ್ಲಿಯೂ 2004ರ ಸುನಾಮಿಯ ವೇಳೆ ಅಂಡಮಾನ್‌ನಲ್ಲಿಯೂ ಹವ್ಯಾಸಿಗಳು ಸಲ್ಲಿಸಿದ ಸೇವೆಯನ್ನು ದೇಶ ಕಂಡಿದೆ. ಆದರೆ ನಾವು ಅವರನ್ನು ನೆನೆಯುವುದು ನೀರು ಏರಿದ ಮೇಲೆ. ಘಟ್ಟದ ತಾಲ್ಲೂಕು ಕಚೇರಿಗಳ, ಸರ್ಕಾರಿ ಶಾಲೆಗಳ ಮಾಳಿಗೆಗಳಲ್ಲಿ ಒಂದಿಷ್ಟು ಜಾಗವನ್ನೂ ವಿದ್ಯುತ್ತನ್ನೂ ಪರವಾನಗಿದಾರ ಹವ್ಯಾಸಿಗಳಿಗೆ ಈಗಲೇ ಒದಗಿಸಿದರೆ ಸರ್ಕಾರದ ಬೊಕ್ಕಸಕ್ಕೆ ಅದು ಹೊರೆಯೆನಿಸದು. ಕೇಳುವವರಿಲ್ಲದ ಕಡೆ ಎಷ್ಟು ಕೂಗಿದರೂ ವ್ಯರ್ಥ. ಅಂದು ಸಂಜೆಯವರೆಗೂ ದೋಣಿಯ ದಾರಿ ಕಾದ ಆ ಹಳ್ಳಿ ನನಗೆ ಕಲಿಸಿದ್ದು ಇಷ್ಟನ್ನೇ.