ಮಗಳ ಪಾಲು

ತವರಿನ ಹೊಲದಲ್ಲಿ ಕಳೆ ಕಿತ್ತು ಬೆಳೆದ ಮಗಳು ಮದುವೆಯಾದೊಡನೆ ಆ ಹೊಲಕ್ಕೆ ಹೊರಗಿನವಳಾಗುತ್ತಾಳೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಕರ್ನಾಟಕವು 1994ರಲ್ಲಿ ಅದಕ್ಕೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ತಂಗಿಗುಂಟು, ಅಕ್ಕನಿಗಿಲ್ಲ! 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಮಗಳ ಸಹಿ ಪಡೆಯುವ ರೂಢಿ ನಿಂತಿಲ್ಲ. ಮದುವೆಗೆ ಖರ್ಚು ಮಾಡಿದೆವಲ್ಲ ಎನ್ನುತ್ತಾರೆ. ಅಣ್ಣನ ಮದುವೆಯೇನು ಖರ್ಚಿಲ್ಲದೆ ಆಯಿತೆ? ಪಾಲು ಕೇಳಿದರೆ ಪಂಚಮಿಗೆ ಕರೆಯುವವರಿಲ್ಲವೆಂಬ ಅಂಜಿಕೆಯಿಂದ ಆಕೆ ಸಹಿ ಹಾಕುತ್ತಾಳೆ. ಮುಂದೆ ಗಂಡನನ್ನು ಕಳೆದುಕೊಂಡ ಮುಪ್ಪಿನಲ್ಲಿ, ತನ್ನ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಇಲ್ಲದೆ, ಔಷಧಿಯ ಹಣಕ್ಕೂ ಮಗನ ಮುಂದೆ ಕೈಯೊಡ್ಡುತ್ತಾಳೆ.