ಭೀಮೆಯ ನೀರು ಮೂಡಣಕ್ಕೆ, ಹೊಲದ ಹೊಗೆ ಪಡುವಣಕ್ಕೆ

ಆಳಂದದಿಂದ ಕೊರಳ್ಳಿಯ ಅಮರ್ಜಾ ಅಣೆಕಟ್ಟೆಯ ಕಡೆ ಹೊರಟಾಗ ಬೆಳಗಿನ ಎಂಟು ಗಂಟೆ. ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ರಸ್ತೆಯ ಎರಡೂ ಬದಿಗೆ ಎರೆಹೊಲ. ತೊಗರಿ ರಾಶಿ ಮುಗಿದು, ಕಾಲಿಗೆ ಚುಚ್ಚುವ ಕೂಳೆಗಳಷ್ಟೇ ಉಳಿದಿದ್ದವು. ಬದುವಿನ ಹತ್ತಿರ ತೊಗರಿ ಕಟ್ಟಿಗೆ, ಒಣ ಎಲೆ ಕೂಡಿಹಾಕಿ ಬೆಂಕಿ ಇಟ್ಟಿದ್ದರು. ಉರಿ ಇಳಿದು ಬರೀ ಹೊಗೆ. ಅದು ಮೇಲೇಳಲಾರದೆ ಆಳೆತ್ತರದಲ್ಲೇ ಚಾಪೆಯಂತೆ ಹಾಸಿಕೊಂಡು ಪಡುವಣಕ್ಕೆ ಜಾರುತ್ತಿತ್ತು.

“ಈ ಹೊಗಿ ಎಲ್ಲಿಗಿ ಹೋಗ್ತದ್ರಿ ಕಾಕಾ?” ಎಂದು ಬೆಂಕಿಯ ಬಳಿ ನಿಂತಿದ್ದ ಹಿರಿಯ ರೈತರನ್ನು ಕೇಳಿದೆ.

“ಎಲ್ಲಿ ಹೋಗ್ತದ ತಮ್ಮಾ, ಗಾಳ್ಯಾಗ ಕರಗಿ ಹೋಗ್ತದ.”

ಬಿಳಿ ಕರವಸ್ತ್ರವನ್ನು ಹೊಗೆಗೆ ಅಡ್ಡ ಹಿಡಿದೆ. ಸ್ವಲ್ಪ ಹೊತ್ತಿಗೆ ಅದರ ಮೇಲೆ ಚಹಾ ಚೆಲ್ಲಿದಂಥ ಕಂದು ಛಾಯೆ ಮೂಡಿತು. ಕಪ್ಪು ಮಸಿಯ ಜತೆ ಹೊಗೆಯಲ್ಲಿರುವ ಈ ಕಂದು ಬಣ್ಣದ ವಸ್ತುಗಳನ್ನು ವಿಜ್ಞಾನಿಗಳು ‘ಕಂದು ಇಂಗಾಲ’ ಎನ್ನುತ್ತಾರೆ. ಕಟ್ಟಿಗೆಯ ಲಿಗ್ನಿನ್ ಬೆಂದಾಗ ಫೀನಾಲ್‌ಗಳು ಹೊರಬರುತ್ತವೆ. ಮೂಗಿಗೆ ಬಡಿಯುವ ಘಾಟಿನಲ್ಲಿ ಅವುಗಳದೇ ದೊಡ್ಡ ಪಾಲು. ಸೆಲ್ಯುಲೋಸ್ ಬೆಂದಾಗ ಲೆವೊಗ್ಲುಕೋಸಾನ್ ಎಂಬ ಸಕ್ಕರೆಯಂಥ ವಸ್ತು ಹುಟ್ಟುತ್ತದೆ. ಡೀಸೆಲ್ ಹೊಗೆಯಲ್ಲಿ ಅದು ಇರುವುದಿಲ್ಲ. ಹಾಗಾಗಿ ಗಾಳಿಯಲ್ಲಿ ಲೆವೊಗ್ಲುಕೋಸಾನ್ ಕಂಡರೆ, ಎಲ್ಲೋ ಗಿಡಮರ, ಕಸಕಡ್ಡಿ ಸುಟ್ಟಿದ್ದಾರೆ ಎಂದೇ ಅರ್ಥ.

ಇಲ್ಲಿಂದ ಕೊಂಕಣದ ಕಡಲು ನೇರ ಗೆರೆಯಲ್ಲಿ ಸುಮಾರು 350 ಕಿ.ಮೀ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಒಂದೆರಡು ದಿನದಲ್ಲಿ ಹೊಗೆ ಅರಬ್ಬಿ ಸಮುದ್ರದ ಮೇಲಿರಬಲ್ಲದು.

ಮಧ್ಯಾಹ್ನ ಅಫಜಲಪುರ ತಾಲ್ಲೂಕು. ಇಲ್ಲಿ ತೊಗರಿಯ ಜತೆ ಕಬ್ಬಿನ ಕಾಲ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಕಾರ್ಖಾನೆಯತ್ತ ಸಾಗಿದ್ದವು. ಕಟಾವಾದ ಗದ್ದೆಯಲ್ಲಿ ಮೊಣಕಾಲೆತ್ತರ ರವದಿ. ಕಡ್ಡಿ ಗೀರಿದರೆ ಗಳಿಗೆಯೊಳಗೆ ಬೂದಿ. ಬೆಂಕಿ ಇಡುವವರನ್ನು ದೂರುವುದು ಸುಲಭ. ಆದರೆ ಆಳು ಸಿಗುವುದಿಲ್ಲ, ಕೂಳೆ ಬೆಳೆಗೆ ಬೇಗ ನೀರು ಬಿಡಬೇಕು, ರವದಿ ಪುಡಿ ಮಾಡುವ ಯಂತ್ರ ಎಲ್ಲರ ಮನೆಯಲ್ಲಿ ಇಲ್ಲ.

ಸಂಜೆಗೆ ದೇವಲ ಗಾಣಗಾಪುರದ ಸಂಗಮ. ಆಳಂದದ ಕಡೆಯಿಂದ ಬಂದ ಅಮರ್ಜೆ ಇಲ್ಲಿ ಭೀಮೆಯನ್ನು ಕೂಡುತ್ತಾಳೆ. ಮಿಂದವರು ಒದ್ದೆ ಬಟ್ಟೆ ಹಿಂಡಿ ದಂಡೆಯ ಮೇಲೆ ಹರವುತ್ತಿದ್ದರು. ಬಿಸಿಲಿಗೆ ನೀರು ಆವಿಯಾಗುವ ಈ ದಿನನಿತ್ಯದ ನೋಟದಲ್ಲೇ ಕಡಲ ಮೇಲೆ ಹೊಗೆಯನ್ನು ಬದಲಿಸುವ ರಸಾಯನಕ್ರಿಯೆಯ ಮೊದಲ ಪಾಠವಿದೆ. ಸೂರ್ಯನ ನೇರಳಾತೀತ ಕಿರಣ ಓಜೋನನ್ನು ಒಡೆಯುತ್ತದೆ. ಹಾಗೆ ಬಿಡುಗಡೆಯಾದ ಚುರುಕು ಆಮ್ಲಜನಕ ನೀರಾವಿಯೊಡನೆ ಸೇರಿ ಹೈಡ್ರಾಕ್ಸಿಲ್ ರಾಡಿಕಲ್ ಆಗುತ್ತದೆ. ಅದರ ಆಯುಷ್ಯ ಒಂದು ಸೆಕೆಂಡಿನ ಆಸುಪಾಸು. ಅಷ್ಟರಲ್ಲೇ ಎದುರಾದ ಸಾವಯವ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಬಿಸಿಲೂ ನೀರಾವಿಯೂ ಸಮೃದ್ಧವಾಗಿರುವ ಉಷ್ಣವಲಯದ ಕಡಲ ಮೇಲೆ ಈ ಕೆಲಸ ಬಿರುಸಾಗಿ ನಡೆಯುತ್ತದೆ.

ಉಪ್ಪೂ ಕೈಜೋಡಿಸುತ್ತದೆ. ಅಲೆಗಳು ಎರಚಿದ ಉಪ್ಪಿನ ಕಣಗಳ ಮೇಲೆ, ನೆಲದಿಂದ ಹೋದ ಸಾರಜನಕದ ಆಕ್ಸೈಡುಗಳು ರಾತ್ರಿ ವೇಳೆ ಕ್ಲೋರಿನ್ ಸಂಯುಕ್ತವನ್ನು ಕಟ್ಟುತ್ತವೆ. ಬೆಳಗಿನ ಬಿಸಿಲು ತಾಗಿದೊಡನೆ ಅದು ಒಡೆದು ಕ್ಲೋರಿನ್ ಪರಮಾಣು ಹೊರಬೀಳುತ್ತದೆ. ಪೆಟ್ರೋಲಿನ ಆವಿಯಂಥ ಹೈಡ್ರೋಕಾರ್ಬನ್‌ಗಳನ್ನು ಹೈಡ್ರಾಕ್ಸಿಲ್‌ಗಿಂತಲೂ ವೇಗವಾಗಿ ಅದು ಮುರಿಯುತ್ತದೆ.

ಹೀಗೆ ಮುರಿದ ಅಣುಗಳು ಆಮ್ಲಜನಕ ಹೊತ್ತು ಭಾರವಾಗುತ್ತವೆ. ಮೋಡದ ಹನಿಗಳೊಳಗೆ ಕೆಲವು ಆಕ್ಸಾಲಿಕ್ ಆಮ್ಲವಾಗುತ್ತವೆ. ಕಂದು ಇಂಗಾಲ ಬಿಸಿಲಿಗೆ ಹಾಕಿದ ಬಣ್ಣದ ಸೀರೆಯಂತೆ ದಿನದಿನಕ್ಕೆ ಮಾಸುತ್ತದೆ. ಕಪ್ಪು ಮಸಿ ಮಾತ್ರ ಮಾಸುವುದಿಲ್ಲ. ಆಮ್ಲಜನಕ ಹೊತ್ತ ಈ ಹೊಸ ವಸ್ತುಗಳ ಲೇಪ ಹೊದ್ದು, ನೀರು ಹಿಡಿಯುವ ಗುಣ ಪಡೆದು, ಮಳೆ ಬಂದು ತೊಳೆಯುವವರೆಗೂ ಬಿಸಿಲನ್ನು ಹೀರುತ್ತಲೇ ಇರುತ್ತದೆ.

ಮರುದಿನ ಜೇವರ್ಗಿಯ ಹಾದಿಯಲ್ಲಿ ಕಟ್ಟಿಸಂಗಾವಿ ಸೇತುವೆಯ ಮೇಲೆ ನಿಂತೆ. ಆಚೆ ದಂಡೆಯ ಹೊಲದಲ್ಲಿ ಹತ್ತಿ ಕಟ್ಟಿಗೆಗೆ ಬೆಂಕಿ. ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಅಡಗಿ ಮುಂದಿನ ಬೆಳೆಗೆ ದಾಟುತ್ತದೆ ಎಂಬ ಭಯ ರೈತರಿಗೆ ಇದೆ, ಅದು ನಿಜವೂ ಹೌದು. ಸೇತುವೆಯ ಕೆಳಗೆ, ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುವ ಅವಸರದಲ್ಲಿದ್ದಳು. ತಲೆಯ ಮೇಲೆ ಹೊಗೆ ಅರಬ್ಬಿ ಸಮುದ್ರದ ದಿಕ್ಕು ಹಿಡಿದಿತ್ತು.

ಕಡಲ ಮೇಲಿನ ಇಂಥ ಹೊಗೆಯನ್ನು ವಿಜ್ಞಾನಿಗಳು ಅಳೆದೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್, ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಸೆನ್ ಜತೆಗೂಡಿ 1999ರಲ್ಲಿ ‘ಇಂಡೋಯೆಕ್ಸ್’ ಅಧ್ಯಯನವನ್ನು ಮುನ್ನಡೆಸಿದರು. ಉತ್ತರ ಹಿಂದೂ ಮಹಾಸಾಗರದ ಮೇಲೆ ಸುಮಾರು 3 ಕಿ.ಮೀ. ದಪ್ಪದ ಕಂದು ಮಬ್ಬು ಹಾಸಿದ್ದು ಆಗ ಜಗತ್ತಿಗೆ ಗೊತ್ತಾಯಿತು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಪುಣೆ ಬಳಿಯ ಸಿಂಹಗಡ ಮತ್ತು ಮಾಲ್ದೀವ್ಸ್‌ನ ಹನಿಮಾಧು ದ್ವೀಪದಲ್ಲಿ ಮಸಿ ಸಂಗ್ರಹಿಸಿ ಅದರಲ್ಲಿನ ಇಂಗಾಲ-14ನ್ನು ಅಳೆಯಿತು. ಕಲ್ಲಿದ್ದಲು, ಡೀಸೆಲ್‌ಗಳಲ್ಲಿ ಅದು ಎಂದೋ ಕ್ಷಯಿಸಿರುತ್ತದೆ. ನಿನ್ನೆ ಮೊನ್ನೆ ಬೆಳೆದ ಗಿಡದಲ್ಲಿ ಇರುತ್ತದೆ. ಲೆಕ್ಕ ಹಾಕಿದರೆ ಮಸಿಯ ಅರ್ಧದಿಂದ ಮೂರನೇ ಎರಡು ಪಾಲು ಕಟ್ಟಿಗೆ, ಸಗಣಿ, ಬೆಳೆಯ ಉಳಿಕೆ ಸುಟ್ಟಿದ್ದರಿಂದ ಬಂದದ್ದು. ಒಲೆ ಹೊತ್ತಿಸಿದ, ಹೊಲ ಸುಟ್ಟ ಎಲ್ಲ ಊರಿನ ಪಾಲೂ ಅದರಲ್ಲಿದೆ.

ಹಿಂದಿರುಗುವಾಗ ಆಳಂದದ ಅದೇ ಹೊಲದ ಬಳಿ ನಿಂತು ಇದೆಲ್ಲ ಹೇಳಿದೆ. ಕಾಕಾ ಬೂದಿಯನ್ನು ಕಾಲಲ್ಲಿ ಕೆದಕುತ್ತ ಸುಮ್ಮನೆ ಕೇಳಿದರು. ಆಮೇಲೆ, “ಪುಡಿ ಮಾಡೋ ಮಶೀನು ರಾಶಿ ಆದ ವಾರದಾಗ ಎರಡು ದಿನ ಬಾಡಿಗಿಗಿ ಸಿಕ್ರ ಸಾಕು ತಮ್ಮಾ. ಈ ಗೊಬ್ಬರ ನಮ್ಮ ಮಣ್ಣಾಗೇ ಇರ್ತದ, ಸಮುದ್ರಕ್ಕ ಯಾಕ ಹೋಗಬೇಕು?” ಎಂದರು.

ಕರವಸ್ತ್ರವನ್ನು ಎರಡು ಸಲ ಒಗೆದಿದ್ದೇನೆ. ಕಂದು ಕಲೆ ತಿಳಿಯಾಗಿದೆ, ಹೋಗಿಲ್ಲ.