ಪಶುವೈದ್ಯರೂ ನಿರಂತರ ವ್ಯಾಸಂಗವೂ

ಮನೆಯ ಹಿತ್ತಿಲಲ್ಲಿ ಹಸುವನ್ನು ಕಟ್ಟುವ ವಾಡಿಕೆಯು ಪಟ್ಟಣಗಳಲ್ಲಿ ಬಹುಮಟ್ಟಿಗೆ ನಿಂತುಹೋಗಿದೆ. ಆದುದರಿಂದ ಪಶುವೈದ್ಯರ ವ್ಯಾಸಂಗದ ವಿಚಾರವು ತಮಗೆ ಸಂಬಂಧಪಟ್ಟುದಲ್ಲವೆಂದು ಶ್ರೋತೃಗಳಲ್ಲಿ ಕೆಲವರಿಗೆ ತೋರಬಹುದು. ಆದರೆ ಬೆಳಗ್ಗೆ ಮಕ್ಕಳು ಕುಡಿಯುವ ಹಾಲು, ಬಾಗಿಲಲ್ಲಿ ಮಲಗಿರುವ ನಾಯಿ, ಊರಾಚೆಯ ಬೆಟ್ಟದ ಮೇಲೆ ಹಾರುವ ಹದ್ದು, ಈ ಮೂರಕ್ಕೂ ಪಶುವೈದ್ಯನ ಕೈಚೀಲಕ್ಕೂ ಸಂಬಂಧವುಂಟು. ಆ ಚೀಲದಲ್ಲಿರುವ ಔಷಧ ಯಾವುದು, ಅದನ್ನು ಕೊಡುವವನ ತಿಳಿವಳಿಕೆ ಯಾವ ಕಾಲದ್ದು ಎಂಬ ಪ್ರಶ್ನೆಯನ್ನು ಈ ದಿನ ವಿಚಾರಮಾಡೋಣ.

ಪಶುವೈದ್ಯರಾದ ನಾವು ಕಾಲೇಜಿನಲ್ಲಿ ಓದುವುದು ಐದಾರು ವರ್ಷ. ವೃತ್ತಿಯಲ್ಲಿರುವುದು ಮೂವತ್ತು ಮೂವತ್ತೈದು ವರ್ಷ. ಪದವಿಯ ದಿನದ ವಿದ್ಯೆಯನ್ನೇ ಬುತ್ತಿಯಂತೆ ಕಟ್ಟಿಕೊಂಡು ಅಷ್ಟು ದೀರ್ಘವಾದ ದಾರಿಯನ್ನು ನಡೆಯುವುದು ಸಾಧ್ಯವೆ? ಮಿಕ್ಕದ್ದನ್ನು ಅನುಭವವೇ ಕಲಿಸುವುದಲ್ಲವೆ ಎಂದು ಕೇಳುವವರುಂಟು. ಅನುಭವವು ದೊಡ್ಡ ಗುರುವೆಂಬುದರಲ್ಲಿ ಸಂದೇಹವಿಲ್ಲ. ಗರ್ಭದಲ್ಲಿ ಅಡ್ಡಲಾಗಿ ತಿರುಗಿದ ಕರುವನ್ನು ಕೈಯಿಂದಲೇ ಸರಿಪಡಿಸಿ ಹೊರತೆಗೆಯುವ ಕೌಶಲವನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಹೇಳಿಕೊಡಲಾರದು. ಆದರೆ ಈ ಗುರುವಿಗೊಂದು ಮಿತಿಯುಂಟು. ತನ್ನ ಕಣ್ಣಿಗೆ ಬಿದ್ದುದನ್ನು ಮಾತ್ರ ಅದು ಕಲಿಸಬಲ್ಲುದು. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು ಹಾಲುಜ್ವರದ ಕಥೆ. ಹೆಚ್ಚು ಹಾಲು ಕೊಡುವ ಹಸುವು ಕರು ಹಾಕಿದ ಒಂದೆರಡು ದಿನಗಳಲ್ಲಿ ನಿಲ್ಲಲಾರದೆ ಕುಸಿದು, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಡುವುದುಂಟು. ಜ್ವರವು ಹೆಸರಿನಲ್ಲಿದೆಯೇ ಹೊರತು ಮೈಯಲ್ಲಿಲ್ಲ. ಕಿವಿಯನ್ನು ಮುಟ್ಟಿ ನೋಡಿದರೆ ತಣ್ಣಗಿರುತ್ತದೆ. ಹಿಂದಿನ ಕಾಲದಲ್ಲಿ ಈ ಬೇನೆ ಬಂದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುತ್ತಿದ್ದವು. 1897ರಲ್ಲಿ ಡೆನ್ಮಾರ್ಕಿನ ಷ್ಮಿಟ್ ಎಂಬ ಪಶುವೈದ್ಯನು, ಕೆಚ್ಚಲಿನಲ್ಲಿ ಏನೋ ವಿಷವು ಹುಟ್ಟುತ್ತಿರಬೇಕೆಂದು ಊಹಿಸಿ, ಪೊಟ್ಯಾಸಿಯಂ ಅಯೊಡೈಡಿನ ದ್ರಾವಣವನ್ನು ಮೊಲೆಗಳ ಮೂಲಕ ಒಳಕ್ಕೆ ಹಾಯಿಸಿದನು. ಬಿದ್ದಿದ್ದ ಹಸುಗಳು ಎದ್ದು ನಿಂತವು. ಕೆಲವು ವರ್ಷಗಳಲ್ಲಿಯೇ, ಔಷಧವಿಲ್ಲದೆ ಬರಿಯ ಗಾಳಿಯನ್ನು ತುಂಬಿದರೂ ಸಾಕೆಂದು ಗೊತ್ತಾಯಿತು. ಚಿಕಿತ್ಸೆ ಫಲಿಸಿತ್ತು, ಊಹೆ ಮಾತ್ರ ತಪ್ಪಾಗಿತ್ತು! ನಿಜವಾದ ಕಾರಣವು 1925ರ ಸುಮಾರಿನಲ್ಲಿ ಬೆಳಕಿಗೆ ಬಂತು. ಹಾಲಿನೊಡನೆ ಸುಣ್ಣದ ಅಂಶವು ಒಮ್ಮೆಲೇ ಹರಿದುಹೋಗಿ ರಕ್ತದಲ್ಲಿ ಕಡಮೆಯಾಗುವುದೇ ಈ ಬೇನೆ. ಗಾಳಿ ತುಂಬಿ ಬಿಗಿದ ಕೆಚ್ಚಲಿನಲ್ಲಿ ಹಾಲು ಊರುವುದು ತಡೆಯುತ್ತಿದ್ದುದರಿಂದ ಸುಣ್ಣವು ರಕ್ತದಲ್ಲಿಯೇ ಉಳಿಯುತ್ತಿತ್ತು. ಆ ಮೇಲೆ ಕ್ಯಾಲ್ಸಿಯಂ ಲವಣವನ್ನು ನೇರವಾಗಿ ರಕ್ತನಾಳಕ್ಕೆ ಕೊಡುವ ಪದ್ಧತಿ ಬಂದಿತು. ಅದನ್ನು ಅವಸರದಿಂದ ಕೊಟ್ಟರೆ ಹೃದಯವೇ ನಿಂತುಹೋಗಬಹುದಾದ ಕಾರಣ, ಎದೆಬಡಿತವನ್ನು ಗಮನಿಸುತ್ತ ನಿಧಾನವಾಗಿ ಕೊಡತಕ್ಕದ್ದು. ಇತ್ತೀಚಿನ ವಿದ್ಯೆಯು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಕರು ಹಾಕುವುದಕ್ಕೆ ಮುಂಚಿನ ವಾರಗಳ ಮೇವಿನಲ್ಲಿಯೇ ಲವಣಗಳ ಸಮತೋಲವನ್ನು ಸರಿಪಡಿಸಿ ಬೇನೆಯನ್ನು ತಡೆಯುವುದನ್ನು ಹೇಳಿಕೊಡುತ್ತದೆ.

1895ರಲ್ಲಿ ಪದವೀಧರನಾಗಿ ಮೂವತ್ತೈದು ವರ್ಷ ದುಡಿದ ವೈದ್ಯನೊಬ್ಬನನ್ನು ಊಹಿಸಿಕೊಳ್ಳಿರಿ. ಅವನ ವೃತ್ತಿಜೀವನದಲ್ಲಿ ಈ ಒಂದೇ ಬೇನೆಯ ಅರ್ಥವೂ ಚಿಕಿತ್ಸೆಯೂ ಮೂರು ಸಲ ಮಾರ್ಪಟ್ಟವು. ಯಾವ ಮಾರ್ಪಾಟೂ ಅವನ ಕೊಟ್ಟಿಗೆಯಲ್ಲಿ ತಾನಾಗಿ ಹುಟ್ಟಲಿಲ್ಲ. ಮತ್ತೊಬ್ಬರ ಶೋಧನೆಯನ್ನು ಓದಿ, ಕೇಳಿ ಅವನು ತಿಳಿಯಬೇಕಾಯಿತು. ಓದದಿದ್ದವನ ಕೈಯಲ್ಲಿ ಹಸುಗಳು ಹಿಂದಿನಂತೆಯೇ ಸತ್ತವು.

ಎರಡನೆಯ ನಿದರ್ಶನವು ನಮ್ಮ ದೇಶದ್ದು, ನಮಗೆ ನಾಚಿಕೆಯನ್ನು ತರತಕ್ಕದ್ದು. 1990ರ ದಶಕದಲ್ಲಿ ಡೈಕ್ಲೊಫೆನಾಕ್ ಎಂಬ ನೋವು ಶಮನಮಾಡುವ ಔಷಧವು ದನಗಳ ಚಿಕಿತ್ಸೆಯಲ್ಲಿ ಬಹಳವಾಗಿ ಬಳಕೆಗೆ ಬಂದಿತು. ಬೆಲೆ ಅಗ್ಗ, ಗುಣ ಶೀಘ್ರ. ಕಾಲು ಬಾತು ಕುಂಟುತ್ತಿದ್ದ ಎತ್ತು ಮರುದಿನ ನೆಟ್ಟಗೆ ನಡೆಯುತ್ತಿತ್ತು. ಜ್ವರದಿಂದ ಮೇವು ಬಿಟ್ಟ ಹಸು ಮೆಲುಕುಹಾಕುತ್ತಿತ್ತು. ಒಕ್ಕಲಿಗನಿಗೂ ಸಂತೋಷ, ವೈದ್ಯನಿಗೂ ಸಂತೋಷ. ನಮ್ಮ ಅನುಭವವು, ಇದು ಒಳ್ಳೆಯ ಔಷಧವೆಂದೇ ದಿನದಿನವೂ ಸಾಕ್ಷಿ ಹೇಳುತ್ತಿತ್ತು.

ಅದೇ ವರ್ಷಗಳಲ್ಲಿ ಆಕಾಶದಿಂದ ರಣಹದ್ದುಗಳು ಕಾಣೆಯಾಗುತ್ತಿದ್ದವು. 1992ರಿಂದ 2007ರವರೆಗಿನ ಅವಧಿಯಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಂತೆ ಉಳಿಯಿತೆಂದು ಎಣಿಕೆಗಳು ತೋರಿಸಿದವು. ಯಾವುದೋ ಸೋಂಕು ತಗಲಿರಬೇಕೆಂದು ಮೊದಲು ಹುಡುಕಿದರು, ಸಿಕ್ಕಲಿಲ್ಲ. 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ಪರೀಕ್ಷಿಸಿದ ವಿಜ್ಞಾನಿಗಳು ಕಾರಣವನ್ನು ಪ್ರಕಟಿಸಿದರು. ಹದ್ದುಗಳ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಒಳ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕೂತಿತ್ತು. ಹಾಗೆ ಸತ್ತ ಹಕ್ಕಿಗಳ ಮೂತ್ರಪಿಂಡಗಳಲ್ಲಿ ಡೈಕ್ಲೊಫೆನಾಕ್ ಇದ್ದಿತು. ಚಿಕಿತ್ಸೆ ಪಡೆದು ಕೆಲವೇ ದಿನಗಳಲ್ಲಿ ಸತ್ತ ದನದ ಮಾಂಸವನ್ನು ತಿಂದುದೇ ಅವುಗಳಿಗೆ ಮೃತ್ಯುವಾಗಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಮೆ ಪ್ರಮಾಣದಲ್ಲಿ ಈ ವಿಷವಿದ್ದರೂ ಇಷ್ಟು ನಾಶವಾಗಲು ಸಾಕೆಂದು ಲೆಕ್ಕದಿಂದ ತಿಳಿದುಬಂತು.

ಆ ಔಷಧವನ್ನು ಕೊಟ್ಟವರಲ್ಲಿ ನಾವೂ ಇದ್ದೆವು. ದುರುದ್ದೇಶವಿರಲಿಲ್ಲ, ಅಜಾಗರೂಕತೆಯೂ ಇರಲಿಲ್ಲ. ನಮ್ಮ ಕಣ್ಣೆದುರಿಗೆ ಗುಣವಾಗುತ್ತಿತ್ತು; ಹಾನಿಯಾಗುತ್ತಿದ್ದುದು ಊರಾಚೆಯ ಬಯಲಿನಲ್ಲಿ. ನೂರು ವರ್ಷ ಅನುಭವವಿದ್ದರೂ ಕೊಟ್ಟಿಗೆಯಲ್ಲಿ ನಿಂತು ಇದನ್ನು ಕಂಡುಕೊಳ್ಳುವುದು ಸಾಧ್ಯವಿರಲಿಲ್ಲ. ಬೇರೊಬ್ಬರು ಕಂಡುಹಿಡಿದುದನ್ನು ಕಿವಿಗೊಟ್ಟು ಕೇಳುವುದೊಂದೇ ದಾರಿ. ನಿರಂತರ ವ್ಯಾಸಂಗವು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣವನ್ನು ನಾವು ಕಾಣೆವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2006ರಲ್ಲಿ ಭಾರತ ಸರ್ಕಾರವು ದನಗಳಿಗಾಗಿ ಡೈಕ್ಲೊಫೆನಾಕನ್ನು ತಯಾರಿಸುವುದನ್ನು ನಿಷೇಧಿಸಿತು. ಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಎಂಬ ಬದಲಿ ಔಷಧವೂ ದೊರಕಿತು. ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳು ದನಗಳ ಪಾಲಾಗುತ್ತಿದ್ದುದರಿಂದ 2015ರಲ್ಲಿ ಅವುಗಳನ್ನೂ ತಡೆಯಬೇಕಾಯಿತು. ಈ ನಡುವೆ ಅಸಿಕ್ಲೊಫೆನಾಕ್ ಎಂಬ ಮತ್ತೊಂದು ಔಷಧವೂ ಬಳಕೆಗೆ ಬಂದಿತ್ತು. ಆದರೆ ಅದು ದನದ ದೇಹವನ್ನು ಹೊಕ್ಕೊಡನೆ ಡೈಕ್ಲೊಫೆನಾಕ್ ಆಗಿಯೇ ಪರಿಣಮಿಸುತ್ತದೆ! ನಿಷೇಧದ ಸುದ್ದಿಯನ್ನು ಓದಿ ಅಲ್ಲಿಗೇ ಪುಸ್ತಕವನ್ನು ಮುಚ್ಚಿದ ವೈದ್ಯನು, ಸದುದ್ದೇಶದಿಂದಲೇ ಹಳೆಯ ವಿಷವನ್ನು ಹೊಸ ಹೆಸರಿನಲ್ಲಿ ಕೊಡುತ್ತಿದ್ದನು. ಅದನ್ನೂ ಕೀಟೊಪ್ರೊಫೆನನ್ನೂ ಪಶುಗಳಿಗೆ ಕೊಡಬಾರದೆಂಬ ಆಜ್ಞೆ ಹೊರಟುದು 2023ರಲ್ಲಿ. ಒಂದು ಸಲ ಓದಿದರೆ ಸಾಲದೆಂಬುದು ಇದರಿಂದ ವೇದ್ಯವಾಗುತ್ತದೆ.

ಔಷಧಗಳಂತೆ ರೋಗಗಳೂ ಬದಲಾಗುತ್ತವೆ. ಹಳ್ಳಿಹಳ್ಳಿಗಳ ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದ ದೊಡ್ಡರೋಗವು ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಘೋಷಿಸಲಾಯಿತು. ಇಂದಿನ ತರುಣ ವೈದ್ಯರು ಅದನ್ನು ಕಣ್ಣಿನಿಂದ ಕಂಡಿಲ್ಲ. ಪ್ರತಿಯಾಗಿ, ಹಿರಿಯ ವೈದ್ಯರು ಇಲ್ಲಿ ಎಂದೂ ಕಾಣದಿದ್ದ ಚರ್ಮಗಂಟು ರೋಗವು 2019ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟು, 2022ರಲ್ಲಿ ಅನೇಕ ಪ್ರಾಂತಗಳ ದನಗಳನ್ನು ಬಲಿತೆಗೆದುಕೊಂಡಿತು. ಕಾಲೇಜು ಬಿಟ್ಟು ಇಪ್ಪತ್ತು ವರ್ಷವಾಗಿದ್ದವರು ಆಗ ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು.

ಹಾಗಾದರೆ ಈ ವ್ಯಾಸಂಗವು ನಡೆಯುವ ಬಗೆ ಯಾವುದು? ಬ್ರಿಟನ್ನಿನಲ್ಲಿ ವೃತ್ತಿನಿರತ ಪಶುವೈದ್ಯರು ವರ್ಷಕ್ಕೆ 35 ಗಂಟೆಗಳಷ್ಟು ಹೊಸ ಕಲಿಕೆಯನ್ನು ಮಾಡಲೇಬೇಕೆಂದು ನಿಯಮವುಂಟು. ನಮ್ಮಲ್ಲಿ 1984ರ ಶಾಸನದಂತೆ ಪಶುವೈದ್ಯ ಪರಿಷತ್ತು ಏರ್ಪಟ್ಟಿದ್ದು, ಕಾಲೇಜುಗಳೂ ಪರಿಷತ್ತುಗಳೂ ತರಬೇತಿ ಶಿಬಿರಗಳನ್ನು ನಡೆಸುತ್ತವೆ. ಉಪನ್ಯಾಸಕ್ಕಿಂತ ಹೆಚ್ಚು ಪ್ರಯೋಜನಕಾರಿಯಾದುದು ನಿಜವಾದ ಪ್ರಕರಣಗಳ ಚರ್ಚೆ. ತಾನು ಕೊಟ್ಟ ಚಿಕಿತ್ಸೆಯನ್ನೂ, ಅದು ಫಲಿಸದೆ ಪ್ರಾಣಿ ಸತ್ತುದನ್ನೂ, ಹೆಣವನ್ನು ಕೊಯ್ದಾಗ ಕಂಡುದನ್ನೂ ವೈದ್ಯನು ಸಹೋದ್ಯೋಗಿಗಳ ಮುಂದೆ ಸಂಕೋಚವಿಲ್ಲದೆ ಇಡಬೇಕು. ತಪ್ಪನ್ನು ಹೇಳಿಕೊಂಡವನನ್ನು ಹೀಯಾಳಿಸುವ ಸಭೆಯಲ್ಲಿ ಯಾರೂ ಏನನ್ನೂ ಕಲಿಯಲಾರರು.

ಅಡಚಣೆಗಳು ಇಲ್ಲದೆ ಇಲ್ಲ. ಹಲವು ಹಳ್ಳಿಗಳಿಗೆ ಒಬ್ಬನೇ ವೈದ್ಯನಿರುವಲ್ಲಿ, ಅವನು ಮೂರು ದಿನ ಶಿಬಿರಕ್ಕೆ ಹೋದರೆ ಹೆರಿಗೆಯ ಸಂಕಟದಲ್ಲಿರುವ ಎಮ್ಮೆಯನ್ನು ನೋಡುವವರು ಯಾರು? ಬದಲಿ ವೈದ್ಯನನ್ನು ಒದಗಿಸದೆ ಕಲಿಕೆಗೆ ಆಜ್ಞೆಮಾಡುವುದು ನ್ಯಾಯವಲ್ಲ. ಹಾಗೆ ಬಿಡುವಿಲ್ಲದ ವೈದ್ಯನಿಗೆ ಹೊಸ ವಿಚಾರವನ್ನು ಹೇಳುವವನು ಔಷಧ ಮಾರುವವನೊಬ್ಬನೇ ಆಗಿಬಿಡುವ ಭಯವೂ ಉಂಟು. ಮಾರುವವನು ಔಷಧದ ಗುಣವನ್ನು ಹೇಳುವನು. ದೋಷವನ್ನು ಹೇಳಲು ಬೇರೆ ಗುರು ಬೇಕು.

ಕೊನೆಯದಾಗಿ ನಾಗರಿಕರಲ್ಲಿ ಒಂದು ವಿಜ್ಞಾಪನೆ. ನಿಮ್ಮ ನಾಯಿಗೆ ಕಾಯಿಲೆಯಾದಾಗ, ಬಲವಾದ ಚುಚ್ಚುಮದ್ದನ್ನೇ ಕೊಡಿರೆಂದು ವೈದ್ಯರನ್ನು ಒತ್ತಾಯಪಡಿಸಬೇಡಿ. ಒಂದು ದಿನ ಚಿಕಿತ್ಸಾಲಯದ ಬಾಗಿಲು ಮುಚ್ಚಿ, ವೈದ್ಯರು ಶಿಬಿರಕ್ಕೆ ಹೋಗಿದ್ದಾರೆಂಬ ಫಲಕವನ್ನು ಕಂಡರೆ ಬೇಸರಪಡಬೇಡಿ. ಅವರು ಹೋದುದು ನಿಮ್ಮ ಕೆಲಸದ ಮೇಲೆಯೇ. ತನಗೆ ಕೊಟ್ಟ ಔಷಧ ಹೊಸದೊ ಹಳೆಯದೊ ಎಂದು ಮೂಕಪ್ರಾಣಿಯು ಕೇಳಲಾರದು. ಆ ಪ್ರಶ್ನೆಯನ್ನು ಅದರ ಪರವಾಗಿ ವೈದ್ಯನೇ ತನ್ನನ್ನು ಕೇಳಿಕೊಳ್ಳಬೇಕು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅಲ್ಲಿನ ಬಂಡೆಗಳ ಮೇಲೆ ಉಳಿದುಕೊಂಡ ಕೆಲವೇ ಹಕ್ಕಿಗಳ ಬಾಳುವೆಯು ಸುತ್ತಣ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಇಂದು ಯಾವ ಸೀಸೆಯನ್ನು ತೆರೆಯುತ್ತಾರೆ ಎಂಬುದನ್ನು ಅವಲಂಬಿಸಿದೆ.